ಬುಡಾಪೆಸ್ಟಿನಲ್ಲಿ ಸ್ನಾನಘಟ್ಟ ಹುಡುಕಿದ್ದು

ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ವಿಶಾಖಪಟ್ಟಣದಲ್ಲಿ ರೈಲು ಹತ್ತಿ ಮಧ್ಯಾಹ್ನ ವಿಜಯವಾಡದಲ್ಲಿ ಇಳಿದಾಗ ಬಿಸಿಲು ನಲವತ್ತು ಡಿಗ್ರಿಯನ್ನು ದಾಟಿತ್ತು. ನನ್ನ ಪೆಟ್ಟಿಗೆಯಲ್ಲಿ ಮಾತ್ರ ಉಣ್ಣೆಯ ಕೋಟು, ದಪ್ಪನೆಯ ಕಾಲುಚೀಲ, ಕುತ್ತಿಗೆಗೆ ಸುತ್ತುವ ಶಾಲು ಇವೆಲ್ಲ ಇದ್ದವು. ಸುಮಾರು ಮುನ್ನೂರೈವತ್ತು ಕಿಲೋಮೀಟರಿನ ಈ ರೈಲು ದಾರಿ ವಿಶಾಖಪಟ್ಟಣದ ಕನ್ನಡಿಗರಿಗೆ ಅಪರಿಚಿತವಲ್ಲ. ಈ ಸಲ ವಿಜಯವಾಡದಿಂದ ಮುಂದಿನ ದಾರಿ ಬೇರೆಯಾಗಿತ್ತು: ಕಾರಿನಲ್ಲಿ ಹೈದರಾಬಾದು, ಅಲ್ಲಿಂದ ವಿಮಾನದಲ್ಲಿ ದೋಹಾ, ಅಲ್ಲಿಂದ ಹಂಗೇರಿಯ ರಾಜಧಾನಿ ಬುಡಾಪೆಸ್ಟ್.

ನನ್ನ ಮಗಳು ಅನುಪಮ, ಅಳಿಯ ಭಾರ್ಗವ ಇಬ್ಬರೂ ಆ ನಗರದಲ್ಲಿದ್ದಾರೆ. ಭಾರ್ಗವರು ಔಷಧ ತಯಾರಿಕೆಯ ಸಂಸ್ಥೆಯೊಂದರಲ್ಲಿ ಗುಣಮಟ್ಟ ಪರೀಕ್ಷೆಯ ಕೆಲಸದ ಮೇಲೆ ಎರಡು ವರ್ಷಗಳ ಮಟ್ಟಿಗೆ ಹೋಗಿರುವವರು. ಅವರ ತಾಯಿ, ಎಂದರೆ ನನ್ನ ಬೀಗಿತ್ತಿ ಸತ್ಯವತಿಯವರು ವಿಜಯವಾಡದವರು. ತವರು ಬಳ್ಳಾರಿಯಾದ್ದರಿಂದ ಅವರದು ತೆಲುಗು ಬೆರೆತ ಬಳ್ಳಾರಿ ಕನ್ನಡ. ತೆಲುಗರ ಪದ್ಧತಿಯಂತೆ ನನ್ನನ್ನು ‘ವದಿನಾ’ ಎಂದು ಕರೆಯುತ್ತಾರೆ. ನಮ್ಮಲ್ಲಿ ‘ಅತ್ತಿಗೆ’ ಎಂದಂತೆ. ನಾನೂ ಹಾಗೆಯೇ ಕರೆಯುವುದನ್ನು ರೂಢಿಸಿಕೊಂಡಿದ್ದೇನೆ.

ಪ್ರಯಾಣದ ಕಾರಣ ಸತ್ಯವತಿಯವರದು. ಅವರ ಪತಿ ನೀರಾವರಿ ಇಲಾಖೆಯಲ್ಲಿದ್ದು ಕೃಷ್ಣಾ ನದಿಯ ಬ್ಯಾರೇಜಿನ ಮೇಲೆಯೇ ಆಯುಷ್ಯದ ಬಹುಪಾಲನ್ನು ಕಳೆದವರು. ಕಳೆದ ವರ್ಷ ತೀರಿಕೊಂಡರು. ಮೊದಲ ವರ್ಷದ ತಿಥಿಗೆ ಮಗ ಊರಿಗೆ ಬರಬೇಕಾಗಿತ್ತು. ಆದರೆ ಅವರ ವಾಸದ ಪರವಾನಗಿಯ ನವೀಕರಣ ಮುಗಿದಿರಲಿಲ್ಲ. ಮುಗಿಯುವವರೆಗೆ ದೇಶ ಬಿಟ್ಟು ಹೊರಡುವಂತಿರಲಿಲ್ಲ. “ಅವ್ನು ನಮ್ಮ ನದಿಗೆ ಬರಕ್ಕಾಗದಿದ್ರೆ ಬ್ಯಾಡ, ನಾನೇ ಅವ್ನ ನದಿಗೆ ಹೋಗ್ತೀನಿ” ಎಂದು ಸತ್ಯವತಿಯವರು ತೀರ್ಮಾನಿಸಿದರು. ಇಂಗ್ಲಿಷು ಬಾರದ ಅವರೊಡನೆ ಯಾರಾದರೂ ಹೋಗಬೇಕಿತ್ತು. ಹಾಸನದ ಪ್ರೌಢಶಾಲೆಯೊಂದರಲ್ಲಿ ಕನ್ನಡ ಅಧ್ಯಾಪಕಿಯಾಗಿದ್ದ ನಾನು, ಬ್ಯಾಂಕ್ ಅಧಿಕಾರಿಯಾದ ಪತಿಯ ವರ್ಗಾವಣೆಯಿಂದಾಗಿ ಕೆಲಸ ಬಿಟ್ಟು ವಿಶಾಖಪಟ್ಟಣದ ಮಧುರವಾಡ ಬಡಾವಣೆಗೆ ಬಂದು ನೆಲೆಸಿದವಳು. ನನಗೆ ಬಿಡುವಿತ್ತು, ನೋಡುವ ಆಸೆಯೂ ಇತ್ತು. ಪತಿಯ ಸಹೋದ್ಯೋಗಿಯೊಬ್ಬರು ಕೊಟ್ಟಿದ್ದ ಹಳೆಯ ಪ್ರವಾಸ ಮಾರ್ಗದರ್ಶಿಯನ್ನು ಓದಿ ದಿನವಹಿ ಯೋಜನೆಯನ್ನೂ ಸಿದ್ಧಪಡಿಸಿಕೊಂಡೆ.

ಹೊರಡುವ ದಿನ ಬೆಳಿಗ್ಗೆ ಸತ್ಯವತಿಯವರು ಕೃಷ್ಣೆಗೆ ಹೇಳಿ ಬರಬೇಕೆಂದರು. ಅವರ ಬೀದಿಯ ಮೂಲೆಯಲ್ಲಿ ತೆಂಗಿನ ಗರಿಯ ಚಪ್ಪರದಡಿ ಅರವಟ್ಟಿಗೆ ಆಗಲೇ ಎದ್ದಿತ್ತು; ಕೆಂಪು ಬಟ್ಟೆ ಸುತ್ತಿದ ಮಣ್ಣಿನ ಕೊಡಗಳನ್ನು ಯಾರೋ ತುಂಬುತ್ತಿದ್ದರು. ಘಟ್ಟದಲ್ಲಿ ಜನ ಸೇರಿದ್ದರು. ಮೇಲಿನ ಮೆಟ್ಟಿಲಿನ ತುಂಬ ಚಪ್ಪಲಿಗಳು ಚೆಲ್ಲಾಪಿಲ್ಲಿಯಾಗಿ ಬಿದ್ದಿದ್ದವು. ನೋಡಿ ನನಗೆ ತಡೆಯಲಾಗಲಿಲ್ಲ.

“ಜೋಡಿ ಜೋಡಿಯಾಗಿ ಬಿಟ್ಟರೆ ಏನಾಗುತ್ತೆ ಇವರಿಗೆ?” ಎಂದೆ.

“ಇದೇನು ನಿಮ್ಮ ಸ್ಕೂಲಾ ವದಿನಾ? ಬಿಡ್ರಿ, ಸ್ನಾನ ಮಾಡಿ ಬಂದವ್ರು ಅವರವರ ಚಪ್ಲಿ ಅವ್ರೇ ಹುಡ್ಕಂತಾರೆ” ಎಂದು ನಗುತ್ತ ಅವರು ಮೆಟ್ಟಿಲಿಳಿದರು. ಮೊಣಕಾಲುದ್ದದ ನೀರಿನಲ್ಲಿ ನಿಂತು ಏನೋ ಹೇಳಿಕೊಂಡು, ಕಣ್ಣಿಗೆ ನೀರೊತ್ತಿಕೊಂಡು ಮೇಲೆ ಬಂದರು.

ಮರುದಿನ ಬುಡಾಪೆಸ್ಟಿನ ವಿಮಾನ ನಿಲ್ದಾಣದಿಂದ ಹೊರಗೆ ಬಂದಾಗ ಹನ್ನೆರಡು ಡಿಗ್ರಿ ಚಳಿ, ಸಣ್ಣಗೆ ತುಂತುರು. ಭಾರ್ಗವರು ನಮ್ಮನ್ನು ನಗರದ ಬಸ್ಸಿನಲ್ಲಿ ಕರೆದೊಯ್ದರು. ತಲಾ ಐನೂರು ರೂಪಾಯಿಗೂ ಮೇಲ್ಪಟ್ಟ ಆ ಟಿಕೆಟ್ಟಿನ ಬೆಲೆ ಕೇಳಿ ಸತ್ಯವತಿಯವರು “ಇಷ್ಟಕ್ಕೆ ಬೆಜವಾಡದಿಂದ ತಿರುಪತಿಗೆ ಹೋಗಿ ಬರಬೋದು” ಎಂದರು. ಅವರ ಬಾಯಲ್ಲಿ ವಿಜಯವಾಡ ಇನ್ನೂ ಹಳೆಯ ಹೆಸರಿನ ಬೆಜವಾಡವೇ. ಮಗಳ ಮನೆ ನಗರದ ಪೆಸ್ಟ್ ಭಾಗದಲ್ಲಿ, ನೂರು ವರ್ಷಕ್ಕೂ ಹಳೆಯ ಕಟ್ಟಡದ ನಾಲ್ಕನೆಯ ಅಂತಸ್ತಿನಲ್ಲಿ. ನಡುವೆ ಅಂಗಳ, ಸುತ್ತಲೂ ಕಬ್ಬಿಣದ ಕಟಕಟೆಯ ಜಗಲಿ. ನಮ್ಮ ತೊಟ್ಟಿಯ ಮನೆಗಳನ್ನು ಒಂದರ ಮೇಲೊಂದು ಪೇರಿಸಿದಂತೆ ಕಂಡಿತು.

ಊಟಕ್ಕೆ ಕುಳಿತಾಗಲೇ ಸಮಸ್ಯೆ ತಲೆಯೆತ್ತಿತು.

“ಅಮ್ಮಾ, ಶನಿವಾರ ಮನೇಲೇ ಮಾಡಿಬಿಡಾಣ” ಎಂದರು ಭಾರ್ಗವರು. “ಪಂತುಲುಗಾರು ಫೋನಲ್ಲೇ ಮಂತ್ರ ಹೇಳ್ತಾರೆ. ಮನೆ ನೀರಾದ್ರೂ ಪರ್ವಾಲೇದು ಅಂದಿದಾರೆ.” ಪಂತುಲುಗಾರು ಎಂದರೆ ವಿಜಯವಾಡದ ಅವರ ಮನೆಯ ಪುರೋಹಿತರು.

“ನಲ್ಲಿ ನೀರು ಬಿಡ್ಸಕ್ಕೆ ನಾನು ಇಷ್ಟು ದೂರ ಬಂದ್ನೇನೋ? ನಿಮ್ಮ ನಾನ್ನ ಹುಟ್ಟಿದ್ದು ನದೀ ದಂಡೇಲಿ, ಇದ್ದಿದ್ದು ನದೀ ಮ್ಯಾಲೆ, ಹೋಗಿದ್ದೂ ನದಿಗೇ. ಇವತ್ತು ಸಿಂಕಲ್ಲಿ ನೀರು ಕೊಡ್ತೀಯಾ ಅವ್ರಿಗೆ?” ಎಂದರು ಸತ್ಯವತಿಯವರು. ನಾನ್ನ ಎಂದರೆ ತೆಲುಗಿನಲ್ಲಿ ಅಪ್ಪ.

“ಇಲ್ಲಿ ನದಿಗೆ ಇಳಿಯೋ ಜಾಗಾನೇ ಇಲ್ಲಮ್ಮಾ. ಎಲ್ಲಾ ಕಡೆ ಗೋಡೆ, ರೋಡು. ಪಂಚೆ ಉಟ್ಕೊಂಡು ಗೋಡೆ ಹತ್ತಿದ್ರೆ ಪೊಲೀಸ್ ಬರ್ತಾರೆ.”

ಅವರ ದನಿಯಲ್ಲಿದ್ದುದು ಭಯಕ್ಕಿಂತ ಹೆಚ್ಚಾಗಿ ಸಂಕೋಚವೆಂದು ನನಗನ್ನಿಸಿತು. ಸತ್ಯವತಿಯವರು ತಟ್ಟೆಯಿಂದ ಕೈ ಹಿಂದೆಗೆದರು. ಅನುಪಮ ನನ್ನ ಮುಖ ನೋಡಿದಳು. ಕೊನೆಗೆ ಒಂದು ಒಪ್ಪಂದವಾಯಿತು: ಗೋಡೆ ಹತ್ತದೆ ಕೈಗೆ ನೀರು ಸಿಗುವ ಒಂದು ಜಾಗವನ್ನು ನಾವಿಬ್ಬರೂ ಶನಿವಾರದೊಳಗೆ ಹುಡುಕಿದರೆ ಭಾರ್ಗವರು ಬರುತ್ತಾರೆ, ಇಲ್ಲವಾದರೆ ನಲ್ಲಿ ನೀರು.

ಆದ್ದರಿಂದ ನಾನು ಆ ನಗರವನ್ನು ನೋಡಿದ್ದು ಎರಡು ಬಗೆಯಲ್ಲಿ. ನನ್ನ ಕಣ್ಣು ಮೇಲೆ, ಗೋಪುರಗಳ ಕಡೆಗೆ. ಸತ್ಯವತಿಯವರ ಕಣ್ಣು ಕೆಳಗೆ, ನೀರಿನ ಅಂಚಿನ ಕಡೆಗೆ.

ಮೊದಲ ದಿನ ನದಿಯ ಪಶ್ಚಿಮ ದಡದ ಬುಡಾ ಬೆಟ್ಟಕ್ಕೆ ಹೋದೆವು. ಡ್ಯಾನ್ಯೂಬ್ ನದಿಯ ಆಚೆ ಈಚೆ ಬುಡಾ, ಪೆಸ್ಟ್ ಎಂಬ ಬೇರೆ ಬೇರೆ ಊರುಗಳಿದ್ದವು. ಉತ್ತರಕ್ಕಿದ್ದ ಹಳೆಯ ಬುಡಾವನ್ನೂ ಸೇರಿಸಿ ಈ ಮೂರನ್ನೂ ಒಂದೇ ನಗರ ಮಾಡಿದ್ದು 1873ರಲ್ಲಿ. ಬೆಟ್ಟದ ಮೇಲೆ ಅರಮನೆಯಿದೆ, ಬಣ್ಣದ ಹೆಂಚುಗಳ ಮಾತ್ಯಾಶ್ ಚರ್ಚಿದೆ. ತುರ್ಕರು ನೂರೈವತ್ತು ವರ್ಷಗಳಷ್ಟು ಕಾಲ ಬುಡಾವನ್ನು ಆಳಿದಾಗ ಈ ಚರ್ಚು ಮಸೀದಿಯಾಗಿತ್ತು. ಅವರು ಹೋದ ಮೇಲೆ ಮತ್ತೆ ಚರ್ಚಾಯಿತು. ಅವರು ಕಟ್ಟಿಸಿದ ಬಿಸಿನೀರಿನ ಸ್ನಾನಗೃಹಗಳಲ್ಲಿ ಕೆಲವು ಇಂದಿಗೂ ಬಳಕೆಯಲ್ಲಿವೆ. ಪಕ್ಕದ ಬಿಳಿಗಲ್ಲಿನ ಬುರುಜಿನಿಂದ ನೋಡಿದರೆ ಇಡೀ ನದಿ ಕಾಣುತ್ತದೆ. ಆಚೆ ದಡದಲ್ಲಿ ಸಂಸತ್ ಭವನದ ಗುಮ್ಮಟವೂ ಸಂತ ಸ್ಟೀಫನ್ ಬೆಸಿಲಿಕದ ಗುಮ್ಮಟವೂ ಸರಿಸಮನಾದ ಎತ್ತರದಲ್ಲಿ ನಿಂತಿವೆ. ರಾಜ್ಯಕ್ಕೂ ಧರ್ಮಕ್ಕೂ ಸಮಾನ ಗೌರವವೆಂಬ ಭಾವದಿಂದ ಹಾಗೆ ಕಟ್ಟಿದರೆಂದು ನನ್ನ ಮಾರ್ಗದರ್ಶಿ ಹೇಳುತ್ತಿತ್ತು.

ಇದನ್ನೆಲ್ಲ ವಿವರಿಸುತ್ತಿದ್ದಾಗ ಸತ್ಯವತಿಯವರು ಬುರುಜಿನ ಕಂಡಿಯಿಂದ ಬಗ್ಗಿ ದಡವನ್ನೇ ನೋಡುತ್ತಿದ್ದರು.

“ಇಷ್ಟು ದೊಡ್ಡ ನದಿ ಇಟ್ಕಂಡು ಒಂದು ಘಟ್ಟ ಕಟ್ಟಿಲ್ಲ ನೋಡ್ರಿ. ಇವ್ರ ರಾಜರೆಲ್ಲ ಏನ್ ಮಾಡ್ತಿದ್ರಂತೆ?”

“ಸೇತುವೆ ಕಟ್ಟುತ್ತಿದ್ದರು ವದಿನಾ.”

“ದಾಟಕ್ಕೆ ಕಟ್ಟಿದ್ರು, ಇಳಿಯಕ್ಕೆ ಕಟ್ಲಿಲ್ಲ” ಎಂದು ಅವರು ತೀರ್ಪು ಕೊಟ್ಟರು.

ಸೇತುವೆಗಳ ಕಥೆ ಕೇಳಿದಾಗ ಮಾತ್ರ ಅವರ ಮುಖ ಗಂಭೀರವಾಯಿತು. ಎರಡು ನಗರಗಳನ್ನು ಮೊದಲು ಬೆಸೆದ ಶಾಶ್ವತ ಸೇತುವೆ ಸರಪಳಿ ಸೇತುವೆ. ಎರಡೂ ತುದಿಗಳಲ್ಲಿ ಕಲ್ಲಿನ ಸಿಂಹಗಳು ಕುಳಿತಿವೆ. ಎರಡನೆಯ ಮಹಾಯುದ್ಧದ ಕೊನೆಗೆ ಹಿಮ್ಮೆಟ್ಟುತ್ತಿದ್ದ ಜರ್ಮನ್ ಸೈನ್ಯ ನಗರದ ಸೇತುವೆಗಳನ್ನೆಲ್ಲ ಸ್ಫೋಟಿಸಿ ನದಿಗೆ ಕೆಡವಿತು. ಈಗಿರುವುದೆಲ್ಲ ಮತ್ತೆ ಕಟ್ಟಿದ್ದು. “ನಮ್ಮವ್ರು ಇದನ್ನ ಕೇಳಿದ್ರೆ ಆ ದಿನ ಊಟ ಮಾಡ್ತಿರ್ಲಿಲ್ಲ” ಎಂದರು. ಬ್ಯಾರೇಜಿನ ಒಂದು ಗೇಟು ಸಿಕ್ಕಿಹಾಕಿಕೊಂಡರೂ ಅವರ ಪತಿ ಊಟ ಬಿಡುತ್ತಿದ್ದರಂತೆ.

ಮರುದಿನ ಪೆಸ್ಟ್ ದಡದುದ್ದಕ್ಕೂ ಸಾಗುವ ಹಳದಿ ಟ್ರಾಮಿನಲ್ಲಿ ತುದಿಯಿಂದ ತುದಿಗೆ ಹೋದೆವು. ವಾರದ ಪಾಸಿದ್ದುದರಿಂದ ಎಲ್ಲಿ ಬೇಕಾದರೂ ಇಳಿಯಬಹುದಿತ್ತು. ಕೆಲವು ಕಡೆ ಮೆಟ್ಟಿಲುಗಳು ಕಂಡವು. ಒಂದು ಕಡೆ ಅವು ದೋಣಿವಿಹಾರದ ಬೀಗ ಹಾಕಿದ ಗೇಟಿನ ಮುಂದೆ ಮುಗಿದವು. ಇನ್ನೊಂದು ಕಡೆ ನೀರಿನವರೆಗೂ ಇದ್ದವು. ಆದರೆ ಅಲ್ಲಿ ಯುವಕ ಯುವತಿಯರು ಬಿಯರ್ ಬಾಟಲಿ ಹಿಡಿದು ಹಾಡುತ್ತ ಕುಳಿತಿದ್ದರು. ಒಬ್ಬಳು ಸತ್ಯವತಿಯವರಿಗೆ ಅಕ್ಕರೆಯಿಂದ ಕೈಬೀಸಿ ಜಾಗ ಬಿಟ್ಟುಕೊಟ್ಟಳು. ಇವರು ಅವಳಿಗೆ ನಮಸ್ಕಾರ ಹೇಳಿ, ನನ್ನ ಕಡೆ ತಿರುಗಿ “ಇಲ್ಲಿ ಬ್ಯಾಡ. ನಮ್ಮವ್ರು ಬಾಟ್ಲಿ ಕಂಡ್ರೆ ಬರಲ್ಲ” ಎಂದರು.

ಗುರುವಾರ ನನ್ನ ಯೋಜನೆಯಂತೆ ಸಂಸತ್ ಭವನ. ಸಾವಿರ ವರ್ಷಗಳ ಇತಿಹಾಸದ ಹೆಮ್ಮೆಯನ್ನು ಕಲ್ಲಿನಲ್ಲಿ ಹೇಳಬೇಕೆಂದು ಕಟ್ಟಿದ ಕಟ್ಟಡ. ನೂರಾರು ಚೂಪು ಶಿಖರಗಳು ನೀರಿನಲ್ಲಿ ಪ್ರತಿಬಿಂಬಿಸುತ್ತವೆ. ಒಳಗೆ ಗುಮ್ಮಟದಡಿಯಲ್ಲಿ ಈ ದೇಶದ ಪುರಾತನ ಕಿರೀಟವನ್ನು ಕಾವಲಿಟ್ಟು ಕಾಪಾಡುತ್ತಿದ್ದಾರೆ. ಅದರ ತುದಿಯ ಶಿಲುಬೆ ಯಾವುದೋ ಕಾಲದಲ್ಲಿ ಬಾಗಿದ್ದು, ಬಾಗಿದಂತೆಯೇ ಉಳಿದಿದೆ. ಹೊರಬಂದು ನದಿಯ ದಡದ ಮೇಲಿನ ಕಾಲುದಾರಿಯಲ್ಲಿ ದಕ್ಷಿಣಕ್ಕೆ ನಡೆಯುತ್ತಿದ್ದೆವು. ಮಳೆ ನಿಂತಿತ್ತು. ಸತ್ಯವತಿಯವರು ಇದ್ದಕ್ಕಿದ್ದಂತೆ ನನ್ನ ತೋಳು ಹಿಡಿದರು.

“ವದಿನಾ! ಸಿಕ್ತು! ಅಲ್ಲಿ ನೋಡ್ರಿ, ಚಪ್ಲಿ!”

ಕೆಳಗೆ ವಾಹನಗಳ ರಸ್ತೆ. ಅದರಾಚೆ ಕಲ್ಲಿನ ದಡ. ದಡದ ತುಟ್ಟತುದಿಯಲ್ಲಿ ಸಾಲಾಗಿ ಪಾದರಕ್ಷೆಗಳು: ಗಂಡಸರ ಬೂಟು, ಹೆಂಗಸರ ಹಿಮ್ಮಡಿ ಎತ್ತರದ ಜೋಡು, ಮಕ್ಕಳವು. ಎಲ್ಲವೂ ನೀರಿನ ಕಡೆಗೆ ಮುಖ ಮಾಡಿದ್ದವು. ನನಗೂ ಬೇರೆ ಯೋಚನೆ ಬರಲಿಲ್ಲ. ನದಿಯ ಅಂಚಿನಲ್ಲಿ ಇಷ್ಟೊಂದು ಪಾದರಕ್ಷೆಗಳಿವೆಯೆಂದರೆ ಕೆಳಗೆ ಮೆಟ್ಟಿಲಿರಬೇಕು, ಜನ ನೀರಿಗಿಳಿದಿರಬೇಕು. “ಇವರು ನೋಡಿ, ಎಷ್ಟು ಶಿಸ್ತಾಗಿ ಬಿಟ್ಟಿದ್ದಾರೆ” ಎಂದು ಮೆಚ್ಚಿಕೊಂಡೇ ಹೇಳಿದೆ.

ರಸ್ತೆ ದಾಟಿ ಹೋದೆವು. ಸತ್ಯವತಿಯವರು ಸಾಲಿನ ಕೊನೆಯಲ್ಲಿ ತಮ್ಮ ಚಪ್ಪಲಿಗಳನ್ನು ಬಿಟ್ಟು, ಕಾಲುಚೀಲ ಕಳಚಿ, ಸೀರೆಯ ನೆರಿಗೆ ಎತ್ತಿಕೊಂಡರು. ನಾನೂ ಪಕ್ಕದಲ್ಲಿ ನನ್ನ ಬೂಟುಗಳನ್ನು ಜೋಡಿಸಿಟ್ಟೆ. ಕಲ್ಲು ಮಂಜಿನಷ್ಟು ತಣ್ಣಗಿತ್ತು. ಇಬ್ಬರೂ ಅಂಚಿಗೆ ಹೋಗಿ ಬಗ್ಗಿದೆವು. ಮೆಟ್ಟಿಲಿರಲಿಲ್ಲ. ಗೋಡೆ ನೆಟ್ಟಗೆ ನೀರಿಗಿಳಿದಿತ್ತು. ಕೆಳಗೆ ಯಾರೂ ಇರಲಿಲ್ಲ.

ಸತ್ಯವತಿಯವರು ಗೊಂದಲಗೊಂಡು ಪಕ್ಕದ ಒಂದು ಮಗುವಿನ ಬೂಟನ್ನು ಮುಟ್ಟಿದರು. “ಕಬ್ಬಿಣ, ವದಿನಾ” ಎಂದರು. ಅದರೊಳಗೆ ಮಳೆನೀರು, ಒಂದು ಆರಿದ ಮೋಂಬತ್ತಿ, ನಾಲ್ಕಾರು ಬೆಣಚುಕಲ್ಲುಗಳು.

ಆಗ ನಮ್ಮ ಹಿಂದೆ ಶಾಲಾ ಮಕ್ಕಳ ಗುಂಪೊಂದು ಬಂದು ನಿಂತದ್ದನ್ನು ಗಮನಿಸಿದೆ. ಹದಿಮೂರು ಹದಿನಾಲ್ಕರ ಮಕ್ಕಳು. ಪಿಸುಮಾತನ್ನೂ ನಿಲ್ಲಿಸಿ ಬರಿಗಾಲಿನ ನಮ್ಮನ್ನು ನೋಡುತ್ತಿದ್ದರು. ಅವರ ಅಧ್ಯಾಪಕಿ ನನ್ನ ವಯಸ್ಸಿನವರು. ಹತ್ತಿರ ಬಂದು ಇಂಗ್ಲಿಷಿನಲ್ಲಿ ಮೆಲ್ಲಗೆ, “ನೀವು ಅವರಿಗಾಗಿ ಪಾದರಕ್ಷೆ ಕಳಚಿದಿರಿ. ನಾನು ಇಷ್ಟು ವರ್ಷ ಮಕ್ಕಳನ್ನು ಇಲ್ಲಿಗೆ ಕರೆತಂದಿದ್ದೇನೆ, ಯಾರೂ ಹೀಗೆ ಮಾಡಿದ್ದನ್ನು ನೋಡಿಲ್ಲ” ಎಂದರು.

“ಯಾರಿಗಾಗಿ?” ಎಂದು ಕೇಳಿದೆ.

ಅವರು ಹೇಳಿದರು. 1944-45ರ ಚಳಿಗಾಲದಲ್ಲಿ ಈ ನಗರದ ಯಹೂದಿಗಳನ್ನು ನಾಜಿಗಳನ್ನು ಹಿಂಬಾಲಿಸಿದ ಹಂಗೇರಿಯವರೇ ಈ ದಡಕ್ಕೆ ತಂದು ಸಾಲಾಗಿ ನಿಲ್ಲಿಸುತ್ತಿದ್ದರು. ಆಗ ಬೂಟುಗಳಿಗೆ ಬೆಲೆಯಿತ್ತು. ಆದ್ದರಿಂದ ಮೊದಲು ಅವನ್ನು ಬಿಚ್ಚಿಸುತ್ತಿದ್ದರು. ಆಮೇಲೆ ಗುಂಡಿಕ್ಕುತ್ತಿದ್ದರು. ದೇಹಗಳನ್ನು ನದಿಯೇ ಒಯ್ಯುತ್ತಿತ್ತು. ಅವರ ನೆನಪಿಗೆ ಈ ಕಬ್ಬಿಣದ ಪಾದರಕ್ಷೆಗಳನ್ನು ನೆಟ್ಟಿದ್ದಾರೆ. ಸತ್ತವರಿಗಾಗಿ ಬೆಣಚುಕಲ್ಲುಗಳನ್ನು ಇಡುವುದು ಯಹೂದಿಗಳ ಪದ್ಧತಿ. ನನ್ನ ಮಾರ್ಗದರ್ಶಿ ಈ ಸ್ಮಾರಕಕ್ಕಿಂತ ಹಳೆಯದಾದ್ದರಿಂದ ಅದರಲ್ಲಿ ಇದರ ಸುಳಿವೇ ಇರಲಿಲ್ಲ.

ಆ ಅಧ್ಯಾಪಕಿಯ ಮೆಚ್ಚುಗೆಯನ್ನು ಸುಮ್ಮನೆ ಸ್ವೀಕರಿಸುವುದು ಸರಿಯೆನಿಸಲಿಲ್ಲ. “ನಮಗೆ ಇದು ತಿಳಿದಿರಲಿಲ್ಲ. ನಮ್ಮ ಊರಿನಲ್ಲಿ ನದಿಯ ಅಂಚಿನಲ್ಲಿ ಪಾದರಕ್ಷೆಗಳಿದ್ದರೆ ಜನ ಸ್ನಾನಕ್ಕೆ ಇಳಿದಿದ್ದಾರೆಂದು ಅರ್ಥ. ಅವರು ತಿರುಗಿ ಬರುತ್ತಾರೆ” ಎಂದೆ. ಅವರು ಅದನ್ನು ತಮ್ಮ ಭಾಷೆಯಲ್ಲಿ ಮಕ್ಕಳಿಗೆ ಹೇಳಿದರು. ಹಿಂದಿನ ಸಾಲಿನ ಹುಡುಗಿಯೊಬ್ಬಳು ತಲೆ ತಗ್ಗಿಸಿದಳು.

ಸತ್ಯವತಿಯವರಿಗೆ ನಾನು ಕನ್ನಡದಲ್ಲಿ ಹೇಳಬೇಕಾಯಿತು. ಕೇಳಿ ಆ ಮಗುವಿನ ಬೂಟಿನ ಕಡೆಗೆ ತಿರುಗಿದರು. ಆಮೇಲೆ, “ಮಕ್ಕಳನ್ನೂನಾ?” ಎಂದರು. ಹೌದೆಂದೆ.

“ಮತ್ತೆ ಇವ್ರಿಗೆ ನೀರು ಬಿಟ್ಟೋರು ಯಾರು?”

“ಗೊತ್ತಿಲ್ಲ ವದಿನಾ. ಎಷ್ಟೋ ಮನೆಗಳಲ್ಲಿ ಬಿಡುವುದಕ್ಕೇ ಯಾರೂ ಉಳಿದಿರಲಿಕ್ಕಿಲ್ಲ.”

ಅವರು ತಮ್ಮ ಚಪ್ಪಲಿಗಳನ್ನು ಕೈಗೆತ್ತಿಕೊಂಡರು, ಕಾಲಿಗೆ ಹಾಕಿಕೊಳ್ಳಲಿಲ್ಲ. “ಇಲ್ಲೇ ಮೆಟ್ಕಂಡು ಹೋಗಕ್ಕೆ ಮನಸ್ಸು ಬರಲ್ಲ” ಎಂದರು. ನಾನು ಅಧ್ಯಾಪಕಿಯನ್ನು, ಕೈಗೆ ನೀರು ಸಿಗುವ ಜಾಗ ಈ ನಗರದಲ್ಲಿ ಎಲ್ಲಿದೆಯೆಂದು ಕೇಳಿದೆ, ಏಕೆಂದೂ ತಿಳಿಸಿದೆ. ಅವರು ತುಸು ಯೋಚಿಸಿ, ಉತ್ತರಕ್ಕೆ ಹೋಗುವ ಉಪನಗರ ರೈಲಿನಲ್ಲಿ ‘ರೋಮನ್ ದಡ’ ಎಂಬಲ್ಲಿಗೆ ಹೋಗಿ, ಅಲ್ಲಿ ಗೋಡೆಯಿಲ್ಲ, ಬೆಣಚುಕಲ್ಲಿನ ತೀರವಿದೆ, ತಮ್ಮ ತಂದೆ ತಮಗೆ ಈಜು ಕಲಿಸಿದ್ದು ಅಲ್ಲಿಯೇ ಎಂದರು. ನಾವಿಬ್ಬರೂ ಪಾದರಕ್ಷೆಗಳನ್ನು ಕೈಯಲ್ಲಿ ಹಿಡಿದು ರಸ್ತೆ ದಾಟಿದೆವು. ಕಾರಿನವರು ನಿಂತು ದಾರಿ ಕೊಟ್ಟರು.

ಸಂಜೆ ಭಾರ್ಗವರಿಗೆ ಎಲ್ಲವನ್ನೂ ಹೇಳಿದೆವು. ನಲ್ಲಿ ನೀರಿನ ಮಾತನ್ನು ಅವರು ಮತ್ತೆ ಎತ್ತಲಿಲ್ಲ. “ದಿನಾ ಟ್ರಾಮಲ್ಲಿ ಅದೇ ಕಡೆ ಹೋಗ್ತೀನಿ ಅತ್ತಯ್ಯಾ. ಮೊದಲ ವಾರ ಇಳಿದು ನೋಡಿದ್ದೆ. ಆಮೇಲೆ ಫೋನ್ ನೋಡ್ಕೊಂಡು ಹೋಗೋದು” ಎಂದು ನನಗೆ ಹೇಳಿದರು. ಸತ್ಯವತಿಯವರು ಮಗನ ತಟ್ಟೆಗೆ ಇನ್ನಷ್ಟು ಅನ್ನ ಬಡಿಸಿದರು.

ಶನಿವಾರ ಬೆಳಿಗ್ಗೆ ಬಿಸಿಲು ಬಂದಿತ್ತು. ಹಸಿರು ಬಣ್ಣದ ಹಳೆಯ ರೈಲು ನದಿಯ ಪಕ್ಕದಲ್ಲೇ ಸಾಗಿತು. ದಾರಿಯಲ್ಲಿ ಅಕ್ವಿಂಕುಮ್ ಎಂಬ ರೋಮನ್ ಊರಿನ ಅವಶೇಷಗಳು ಕಿಟಕಿಯಿಂದಲೇ ಕಂಡವು: ಮುರಿದ ಕಂಬಗಳು, ಮನೆಗಳ ತಳಪಾಯ. ರೋಮನ್ನರಿಗೆ ಈ ನದಿ ಸಾಮ್ರಾಜ್ಯದ ಗಡಿಯಾಗಿತ್ತು. ಸತ್ಯವತಿಯವರು ಅಂದಿನ ಕಾರ್ಯದ ಕೊನೆಯ ನೀರಿನ ಬಗ್ಗೆ ಹೇಳಿದ್ದು ಆಗಲೇ. ತರ್ಪಣದ ಕಡೆಯಲ್ಲಿ ತಾಯಿ, ತಂದೆ, ಬಂಧು ಬಳಗ ಯಾರೂ ಇಲ್ಲದವರಿಗೆಂದು ಒಂದು ಬೊಗಸೆ ನೀರು ಬಿಡುವ ಪದ್ಧತಿ ನಮ್ಮೆಲ್ಲರಲ್ಲೂ ಇದೆ. ಅವಸರದಲ್ಲಿ ಮುಗಿಸಿಬಿಡುವುದೇ ಹೆಚ್ಚು. ಅದನ್ನು ಆ ಕಲ್ಲಿನ ದಡದಲ್ಲಿ ಸತ್ತವರಿಗೆ ಕೊಡಿಸಬೇಕೆಂದು ಅವರ ಮನಸ್ಸು.

“ಅವರ ಧರ್ಮ ಬೇರೆ ವದಿನಾ. ಅವರಿಗೆ ಇದು ಸಲ್ಲುತ್ತದೋ ಇಲ್ಲವೋ. ಕೇಳದೆ ಕೊಡುವುದು ಸರಿಯೇ?” ಎಂದೆ. ನನ್ನ ಶಂಕೆ ಪ್ರಾಮಾಣಿಕವಾಗಿತ್ತು.

“ಯಾರ ಹೆಸ್ರೂ ಹೇಳಲ್ಲ ನಾವು. ನಮ್ಮ ಬೀದೀಲಿ ಅರವಟ್ಟಿಗೆ ಇಡಲ್ವಾ? ಬೇಕಾದೋರು ಕುಡೀತಾರೆ, ಬ್ಯಾಡಾದೋರು ಮುಂದೆ ಹೋಗ್ತಾರೆ. ನೀವ್ಯಾರು ಅಂತ ಕೊಡದ ಹತ್ರ ಯಾರಾದ್ರೂ ಕೇಳ್ತಾರಾ?”

ಅಷ್ಟರಲ್ಲಿ ನಾವು ಇಳಿಯುವ ನಿಲ್ದಾಣ ಬಂತು.

ರೋಮನ್ ದಡದಲ್ಲಿ ದೊಡ್ಡ ದೊಡ್ಡ ಮರಗಳು, ಇನ್ನೂ ಬಾಗಿಲು ತೆರೆಯದ ಕರಿದ ಮೀನಿನ ಅಂಗಡಿಗಳು, ಬೋರಲು ಹಾಕಿದ ದೋಣಿಗಳು. ತೀರ ಇಳಿಜಾರಾಗಿ ನೀರಿಗೆ ಸೇರಿತ್ತು. ಭಾರ್ಗವರು ಬೂಟು ಬಿಟ್ಟು, ಪ್ಯಾಂಟಿನ ಮೇಲೆಯೇ ಪಂಚೆ ಸುತ್ತಿಕೊಂಡರು. ಕರಿ ಎಳ್ಳನ್ನು ಅನುಪಮ ಚೀನೀಯರ ಅಂಗಡಿಯಿಂದ ತಂದಿದ್ದಳು. ಫೋನನ್ನು ಎತ್ತಿ ಹಿಡಿದಳು. ವಿಜಯವಾಡದಿಂದ ಪಂತುಲುಗಾರು “ಆ ನದಿಯ ಹೆಸರೇನು ನಾಯನಾ?” ಎಂದು ಕೇಳಿ, ಡ್ಯಾನ್ಯೂಬನ್ನು ಸಂಕಲ್ಪದಲ್ಲಿ ಸೇರಿಸಿಕೊಂಡು ಮಂತ್ರ ಆರಂಭಿಸಿದರು. ನಾಯಿ ಹಿಡಿದು ಬಂದ ಮುದುಕನೊಬ್ಬ ದೂರದಲ್ಲೇ ನಿಂತ. ಭಾರ್ಗವರ ಕಿವಿ ಕೆಂಪಾಯಿತು. ನಾಯಿ ಎಳ್ಳಿನ ಪೊಟ್ಟಣದ ಕಡೆಗೆ ಎಳೆದಾಡಿತು. ಮುದುಕ ಅದನ್ನು ಗದರಿಸಿ, ಟೋಪಿ ತೆಗೆದು ತಲೆಬಾಗಿಸಿ, ಬಳಸು ದಾರಿಯಲ್ಲಿ ಹೋದ. ಆ ಬಳಿಕ ಭಾರ್ಗವರು ಸುತ್ತ ನೋಡುವುದನ್ನು ಬಿಟ್ಟರು.

ತಂದೆಯ ಹೆಸರು ಬಂದಾಗ ಅದನ್ನು ಬಿಡಿಸಿ ಬಿಡಿಸಿ ಹೇಳಿದರು. ನೀರು ಬಿಟ್ಟು, ಸ್ವಲ್ಪ ಹೊತ್ತು ಪ್ರವಾಹವನ್ನೇ ನೋಡಿ, “ನಾನ್ನ ಇದ್ದಿದ್ರೆ ಎಷ್ಟು ಕ್ಯೂಸೆಕ್ಸ್ ಅಂತ ನೋಡಿದ ತಕ್ಷಣ ಹೇಳಿಬಿಡ್ತಿದ್ರು” ಎಂದರು.

“ಹೇಳ್ತಿದ್ರು. ತಪ್ಪು ಹೇಳ್ತಿದ್ರು” ಎಂದು ಸತ್ಯವತಿಯವರು ಕಣ್ಣೊರೆಸಿಕೊಂಡು ನಕ್ಕರು. ಆಮೇಲೆ ಫೋನಿನ ಹತ್ತಿರ ಬಾಗಿದರು. “ಪಂತುಲುಗಾರೂ, ಕೊನೇದನ್ನ ನಿಧಾನಕ್ಕೆ ಹೇಳಿ. ಭಾರ್ಗವಾ, ಅವಸರ ಮಾಡ್ಬ್ಯಾಡ. ಬೊಗಸೆ ತುಂಬ ತಗೋ.”

ಭಾರ್ಗವರು ತಣ್ಣೀರಿನಲ್ಲಿ ಇನ್ನೊಂದು ಹೆಜ್ಜೆ ಮುಂದಿಟ್ಟು ಬೊಗಸೆ ತುಂಬಿಕೊಂಡರು. ನದಿ ದಕ್ಷಿಣಕ್ಕೆ ಹರಿಯುತ್ತಿತ್ತು, ಸಂಸತ್ ಭವನದ ಕಡೆಗೆ, ಆ ಕಲ್ಲಿನ ದಡದ ಕಡೆಗೆ. ಅವರು ಮೆಲ್ಲಗೆ, ಬಹಳ ಹೊತ್ತು ನೀರು ಬಿಟ್ಟರು.

ಬಳಿಕದ ವಾರದಲ್ಲಿ ಬೆಸಿಲಿಕವನ್ನೂ ವೀರರ ಚೌಕವನ್ನೂ ನೋಡಿದೆವು. ನೆಲದಡಿಯ ನೂರು ವರ್ಷಕ್ಕೂ ಹಳೆಯ ಪುಟ್ಟ ರೈಲಿನಲ್ಲಿಯೂ ಕುಳಿತೆವು. ಯಹೂದಿಗಳ ದೊಡ್ಡ ಪ್ರಾರ್ಥನಾಮಂದಿರದ ಅಂಗಳದಲ್ಲಿ ಲೋಹದ ಒಂದು ಮರವಿದೆ, ಎಲೆ ಎಲೆಯಲ್ಲೂ ತೀರಿಹೋದವರ ಹೆಸರು. ಸತ್ಯವತಿಯವರು ಅಲ್ಲಿ ಎಷ್ಟೋ ಹೊತ್ತು ನಿಂತರು. ಓದಲು ಬಾರದ ಲಿಪಿಯ ಮೇಲೆ ಕಣ್ಣಾಡಿಸಿ, “ಹೆಸ್ರು ಬರೆದೋರಿದ್ದಾರೆ, ಪರ್ವಾಲೇದು” ಎಂದರು.

ತಿರುಗಿ ಬಂದು ವಿಜಯವಾಡ ತಲುಪಿದಾಗ ಬಿಸಿಲು ಇನ್ನೂ ಏರಿತ್ತು. ಮರುದಿನ ನಸುಕಿನಲ್ಲಿ ಸತ್ಯವತಿಯವರು ಕೃಷ್ಣೆ ತಾಯಿಗೆ ತಿರುಗಿ ಬಂದದ್ದನ್ನು ತಿಳಿಸಿ ಬರುತ್ತೇನೆಂದು ಹೊರಟರು, ನಾನೂ ಹೋದೆ. ಅವರು ನೀರಿಗಿಳಿದರು. ನಾನು ಮೇಲಿನ ಮೆಟ್ಟಿಲಿನಲ್ಲಿ ಕುಳಿತೆ. ನನ್ನ ಸುತ್ತ ಚಪ್ಪಲಿಗಳು ಎಂದಿನಂತೆ ಚೆಲ್ಲಾಪಿಲ್ಲಿಯಾಗಿದ್ದವು: ಉಂಗುಷ್ಟ ಕಿತ್ತುಹೋದದ್ದು, ಹೊಸದು, ಮಗುವಿನದು. ಸರಿಪಡಿಸಲು ನನ್ನ ಕೈ ಹೋಗಲಿಲ್ಲ. ಒದ್ದೆ ಬಟ್ಟೆಯ ಜನ ಒಬ್ಬೊಬ್ಬರಾಗಿ ಮೆಟ್ಟಿಲು ಹತ್ತಿ ಬಂದರು; ಕಾಲಿನಿಂದಲೇ ತಡಕಿ, ತಮ್ಮದನ್ನು ಮೆಟ್ಟಿಕೊಂಡು, ಮಾತಾಡಿಕೊಳ್ಳುತ್ತ ಹೋದರು. ಅಪ್ಪನ ಹೆಗಲ ಮೇಲಿದ್ದ ಮಗುವೊಂದು ತನ್ನ ಪುಟ್ಟ ಚಪ್ಪಲಿಗಾಗಿ ಅತ್ತು, ಇಳಿದು, ಹಾಕಿಸಿಕೊಂಡು ಹೋಯಿತು.

ಸತ್ಯವತಿಯವರು ಸೆರಗು ಹಿಂಡುತ್ತ ಮೇಲೆ ಬಂದರು. “ಏನ್ರೀ ವದಿನಾ, ಚಪ್ಲಿ ಕಾಯ್ತಾ ಕೂತ್ರಾ? ನಿಮ್ಮ ರೈಲಿಗೆ ಹೊತ್ತಾಗಲ್ವಾ?”

“ಇನ್ನೆರಡು ಜೊತೆ ಇವೆ. ಅವರೂ ಬರಲಿ” ಎಂದೆ.

ಅವರು ನಗಲಿಲ್ಲ. ನನ್ನ ಪಕ್ಕದಲ್ಲಿ ಕುಳಿತು, ನೀರಿನ ಕಡೆ ನೋಡತೊಡಗಿದರು.